ಜೆನ್ ಕಾರಿಗೆ ಹೊರಗಿನ ಆರ್‌ಪಿಎಂ ಮೀಟರ್: ಮುಳ್ಳು ಕುಣಿಯುತ್ತೆ, ಇಂಜಿನ್ ಬಂದ್ ಆಗುತ್ತೆ, ಕಿತ್ತು ಹಾಕಲಾ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ. ಅಪ್ಪ ತಗೊಂಡಿದ್ದ 1996ರ ಮಾರುತಿ ಜೆನ್ ಇದೆ. ಕಾರ್ಬ್ಯುರೇಟರ್ ಗಾಡಿ, ಎಲ್‌ಪಿಜಿ ಕಿಟ್ ಕೂಡ ಇದೆ. ಬಕೆಟ್ ಸೀಟು, ಅಲಾಯ್ ವೀಲ್ ಹಾಕಿಸಿ ಸಣ್ಣ ಸ್ಪೋರ್ಟ್ಸ್ ಕಾರಿನ ಥರ ಮಾಡ್ಕೊಂಡಿದ್ದೀನಿ. ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ ಮೀಟರ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸೋದು) ಇಲ್ಲ ಅನ್ನೋದೊಂದೇ ಕೊರಗಿತ್ತು. ಶಿಫ್ಟ್ ಲೈಟ್ (ಗೇರ್ ಬದಲಿಸೋಕೆ ಸೂಚಿಸೋ ದೀಪ) ಇರೋ ಮೀಟರ್ ಆನ್‌ಲೈನಲ್ಲಿ ತರಿಸಿ ಇಲ್ಲೇ ಫಿಟ್ ಮಾಡಿಸಿದೆ. ಈಗ ಐಡ್ಲಿಂಗಿನಲ್ಲಿ 450 ತೋರಿಸುತ್ತೆ. ಹೆಡ್‌ಲೈಟ್ ಹಾಕಿದರೆ ಮುಳ್ಳು ಕುಣಿಯುತ್ತೆ. ಕಂಪ್ಲಿ ರಸ್ತೆಯಲ್ಲಿ ಎರಡು ಸಲ ಹಂಪ್ ದಾಟುವಾಗ ಇಂಜಿನ್ ಬಂದ್ ಆಯ್ತು, ಕೀ ತಿರುಗಿಸಿದ ಕೂಡಲೇ ಸ್ಟಾರ್ಟೂ ಆಯ್ತು. ಒಬ್ಬ ಮೆಕ್ಯಾನಿಕ್ ಕಾಯಿಲ್‌ಗೆ (ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡೋ ಇಗ್ನಿಷನ್ ಕಾಯಿಲ್) ವೈರ್ ಕೊಟ್ಟಿದ್ದೇ ತಪ್ಪು, ಕಾಯಿಲ್ ಸುಡುತ್ತೆ ಅಂತಾರೆ. ಇನ್ನೊಬ್ಬರು ಕಾಯಿಲ್ ಬೇಡ, ಪ್ಲಗ್ ವೈರಿಗೆ ನಾಲ್ಕೈದು ಸುತ್ತು ಸುತ್ತಿ ಬಿಡಿ ಅಂತಾರೆ. ಮೀಟರ್ ಸದ್ಯ ಮುಂದಿನ ಗಾಜಿನ ಪಕ್ಕದ ಪಿಲ್ಲರ್ ಮೇಲಿದೆ, ಡ್ಯಾಶ್ ಕೊರೆದು ಒಳಗೆ ಕೂರಿಸಬೇಕು ಅಂತ ಆಸೆ. ಆರ್‌ಟಿಒದಲ್ಲಿ ತಕರಾರು ಬರುತ್ತಾ? ಇಂಜಿನ್‌ಗೆ ಪೆಟ್ಟು ಬೀಳ್ತಿದೆಯಾ? ಕಿತ್ತು ಹಾಕಿಬಿಡಲಾ?

ಉತ್ತರ: ಕಿತ್ತು ಹಾಕಬೇಡಿ. ಆದರೆ ಇವತ್ತೇ ಒಂದು ಕೆಲಸ ಮಾಡಿ. ಬಾನೆಟ್ ತೆಗೆದು, ಮೀಟರಿನಿಂದ ಕಾಯಿಲ್‌ಗೆ ಹೋಗಿರುವ ಆ ಒಂದು ವೈರನ್ನು ಕಾಯಿಲ್ ಹತ್ತಿರವೇ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿಬಿಡಿ. ಮೀಟರ್ ಸೊನ್ನೆಯಲ್ಲಿ ನಿಲ್ಲುತ್ತದೆ, ನಿಲ್ಲಲಿ. ಗಾಡಿ ದಾರಿಯಲ್ಲಿ ನಿಲ್ಲಬಾರದು, ಅದು ಮುಖ್ಯ. ಎದುರಿನಿಂದ ಭತ್ತದ ಲಾರಿ ಬರುತ್ತಿರುವಾಗ ಓವರ್‌ಟೇಕ್ ಮಧ್ಯೆ ಇಂಜಿನ್ ಬಂದ್ ಆದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ ಅಲ್ವಾ.

ನೀವು ಇದನ್ನೆಲ್ಲ ಒಂದೇ ರೋಗ ಅಂದುಕೊಂಡಿದ್ದೀರಿ. ನಿಮ್ಮ ಪತ್ರ ಓದಿದರೆ ನನಗೆ ಮೂರು ಬೇರೆ ಬೇರೆ ತಪ್ಪು ಕಾಣುತ್ತಿವೆ. 450 ತೋರಿಸುವುದಕ್ಕೆ ಒಂದು ಕಾರಣ, ಮುಳ್ಳು ಕುಣಿಯುವುದಕ್ಕೆ ಇನ್ನೊಂದು, ಇಂಜಿನ್ ಬಂದ್ ಆಗುವುದಕ್ಕೆ ಮತ್ತೊಂದು. ಮೊದಲೆರಡು ಬರೀ ಕಿರಿಕಿರಿ. ಮೂರನೆಯದು ಅಪಾಯ.

ಸುಲಭದ್ದು ಮೊದಲು ಮುಗಿಸೋಣ. ಮೀಟರಿನ ಹಿಂಭಾಗದಲ್ಲೋ ಪಕ್ಕದಲ್ಲೋ ಎಷ್ಟು ಸಿಲಿಂಡರ್ ಅಂತ ಆರಿಸಲು 4, 6, 8 ಅಂತ ಬರೆದ ಸಣ್ಣ ಸ್ವಿಚ್ ಇರುತ್ತದೆ. ಅದು ನಿಮ್ಮದರಲ್ಲಿ 8ರ ಮೇಲೆ ಇರಬೇಕು. ಹೇಗೆ ಗೊತ್ತು ಅಂದರೆ, ಮೀಟರಿಗೆ ಸುತ್ತು ಎಣಿಸಲು ಬರುವುದಿಲ್ಲ, ಅದು ಕಿಡಿ ಎಣಿಸುತ್ತದೆ. ನಿಮ್ಮ ಜೆನ್‌ನದು 993 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಫೋರ್ ಸ್ಟ್ರೋಕ್ ಆದ್ದರಿಂದ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟ್) ಎರಡು ಸುತ್ತು ಹೊಡೆದಾಗ ನಾಲ್ಕು ಸಿಲಿಂಡರಿಗೂ ಒಂದೊಂದು ಕಿಡಿ, ಅಂದರೆ ಸುತ್ತಿಗೆ ಎರಡು. ಎಂಟು ಸಿಲಿಂಡರಿನ ಗಾಡಿಯಲ್ಲಿ ಸುತ್ತಿಗೆ ನಾಲ್ಕು. ಮೀಟರ್ 8ರಲ್ಲಿ ಇದ್ದರೆ ನಾಲ್ಕು ಕಿಡಿ ಬಂದ ಮೇಲೆ ಒಂದು ಸುತ್ತು ಅಂತ ಲೆಕ್ಕ ಹಾಕುತ್ತದೆ, ಹಾಗಾಗಿ ಸರಿಯಾಗಿ ಅರ್ಧ ತೋರಿಸುತ್ತದೆ. ನಿಮ್ಮ ಇಂಜಿನ್ ನಿಜವಾಗಿ 900ರಲ್ಲಿ ಆರಾಮಾಗಿ ಓಡುತ್ತಿದೆ. 450ರಲ್ಲಿ ಆ ಇಂಜಿನ್ ಅದುರಿ ಅದುರಿ ನಿಂತೇ ಹೋಗುತ್ತಿತ್ತು. ಸ್ವಿಚ್ 4ಕ್ಕೆ ತಳ್ಳಿ, ಕೆಲವು ಮೀಟರುಗಳಲ್ಲಿ ಪವರ್ ತೆಗೆದು ಮತ್ತೆ ಕೊಟ್ಟರೆ ಮಾತ್ರ ಹೊಸ ಸೆಟ್ಟಿಂಗ್ ಹಿಡಿಯುತ್ತದೆ. ದಯವಿಟ್ಟು ಈ 450 ನೋಡಿ ಯಾರೂ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸದ ಹಾಗೆ ನೋಡಿಕೊಳ್ಳಿ.

ಇದೇ ಲೆಕ್ಕ ಮಾರುತಿ 800 ಇಟ್ಟುಕೊಂಡವರಿಗೂ ಬೇಕಾಗುತ್ತದೆ. ಅದು ಮೂರು ಸಿಲಿಂಡರ್, ಸುತ್ತಿಗೆ ಒಂದೂವರೆ ಕಿಡಿ. ಮೀಟರಿನಲ್ಲಿ 3ರ ಸೆಟ್ಟಿಂಗ್ ಇಲ್ಲದಿದ್ದರೆ, 4ರಲ್ಲಿ ಇಟ್ಟಾಗ ನಿಜದ ಮುಕ್ಕಾಲು ಭಾಗ ಮಾತ್ರ ಕಾಣುತ್ತದೆ. 3000 ತೋರಿಸಿದರೆ ಇಂಜಿನ್ 4000ದಲ್ಲಿದೆ ಅಂತ ಅರ್ಥ. ಅದಕ್ಕೇ ಕೊಳ್ಳುವ ಮುಂಚೆ ಆ ಸ್ವಿಚ್ ನೋಡಬೇಕು.

ಇನ್ನು ಹೆಡ್‌ಲೈಟ್ ಹಾಕಿದಾಗ ಕುಣಿಯುವುದು. ಇದು ಬಹುಪಾಲು ಅರ್ತಿಂಗ್ ಸಮಸ್ಯೆ, ಅಂದರೆ ಮೈನಸ್ ವೈರ್ ಗಾಡಿಯ ಬಾಡಿಗೆ ಸರಿಯಾಗಿ ಸೇರಿಲ್ಲ. ಪಿಲ್ಲರ್ ಮೇಲೆ ಮೀಟರ್ ಕೂರಿಸಿ, ಕಪ್ಪು ವೈರನ್ನು ಹತ್ತಿರ ಸಿಕ್ಕ ಯಾವುದೋ ಸ್ಕ್ರೂಗೆ ಕೊಟ್ಟಿರುತ್ತಾರೆ. ಆ ಸ್ಕ್ರೂ ಪ್ಲಾಸ್ಟಿಕ್ ಮಾತ್ರ ಹಿಡಿದಿರಬಹುದು, ಅಥವಾ ಪೇಂಟ್ ಮೇಲೆ ಕೂತಿರಬಹುದು. ಹಗಲು ಮೀಟರಿಗೆ ಬೇಕಾದ ಅಲ್ಪ ಕರೆಂಟು ಹೇಗೋ ಹರಿಯುತ್ತದೆ. ಲೈಟ್ ಹಾಕಿದ ಕೂಡಲೇ ಮೀಟರಿನ ಒಳಗಿನ ಬಲ್ಬಿನ ಕರೆಂಟೂ ಅದೇ ದುರ್ಬಲ ದಾರಿಯಲ್ಲಿ ಹೋಗಬೇಕು, ಅಲ್ಲಿ ವೋಲ್ಟೇಜ್ ಏರುಪೇರಾಗಿ ಮೀಟರಿಗೆ ಗೊಂದಲ. ಬಾಡಿ ಶೀಟಿನಲ್ಲಿ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಿ, ರಿಂಗ್ ಲಗ್ (ವೈರಿನ ತುದಿಗೆ ಒತ್ತುವ ಲೋಹದ ಬಳೆ) ಹಾಕಿ ಬೋಲ್ಟ್ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಸಂಡೂರು ಕಡೆಯಿಂದ ಬರುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಈ ಜಾಯಿಂಟುಗಳ ಒಳಗೆಲ್ಲ ಹೊಕ್ಕಿರುವುದನ್ನು ನೋಡುತ್ತಲೇ ಇರುತ್ತೇನೆ. ನಿಮ್ಮ ಕಡೆ ಗದ್ದೆ ಸೀಮೆ, ಧೂಳಿಗಿಂತ ತೇವದ ತುಕ್ಕು ಜಾಸ್ತಿ.

ಅರ್ತಿಂಗ್ ಸರಿ ಮಾಡಿದ ಮೇಲೂ ಕುಣಿದರೆ ಸಿಗ್ನಲ್ ವೈರ್ (ಕಾಯಿಲ್‌ನಿಂದ ಮೀಟರಿಗೆ ಬರುವುದು) ಎಲ್ಲಿಂದ ಹಾದು ಬಂದಿದೆ ನೋಡಿ. ಪ್ಲಗ್ ವೈರುಗಳ ಜೊತೆಗೇ ಕಟ್ಟಿದ್ದರೆ ಅದು ಪಕ್ಕದ ಕಿಡಿಯನ್ನೂ ಎಣಿಸುತ್ತದೆ. ಅವುಗಳಿಂದ ಒಂದು ಗೇಣಾದರೂ ದೂರ ಇರಲಿ. ಪ್ಲಗ್ ವೈರ್ ಹಳೆಯದಾಗಿದ್ದರೆ ಬದಲಿಸಿ, ಒಳಗೆ ರೆಸಿಸ್ಟರ್ ಇರುವ ಪ್ಲಗ್ ಹಾಕಿಸಿ. ಎನ್‌ಜಿಕೆ ಪ್ಲಗ್ ಆದರೆ ಅದರ ನಂಬರಿನಲ್ಲಿ ಇಂಗ್ಲಿಷಿನ ‘ಆರ್’ ಅಕ್ಷರ ಇರುತ್ತದೆ, ಅದೇ ಗುರುತು.

ಈಗ ಅಸಲಿ ವಿಷಯ. ಕಾಯಿಲ್‌ಗೆ ವೈರ್ ಕೊಟ್ಟರೆ ಸುಡುತ್ತೆ ಅಂದವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಡಿಸ್ಟ್ರಿಬ್ಯೂಟರ್ (ಸರದಿಯಂತೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಇರುವ ಗಾಡಿಯಲ್ಲಿ ಈ ಥರದ ಮೀಟರಿಗೆ ಸಿಗ್ನಲ್ ತೆಗೆಯುವ ಸರಿಯಾದ ಜಾಗವೇ ಕಾಯಿಲ್‌ನ ಮೈನಸ್ ಟರ್ಮಿನಲ್. ಮೀಟರ್ ಅಲ್ಲಿಂದ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲದಷ್ಟು. ಅದರಿಂದ ಕಾಯಿಲ್ ಸುಡುವುದಿಲ್ಲ, ಪಿಕಪ್ ಕಡಿಮೆಯಾಗುವುದಿಲ್ಲ, ಮೈಲೇಜ್ ಬೀಳುವುದಿಲ್ಲ. ಏರುವುದೂ ಇಲ್ಲ ಬಿಡಿ.

ಆದರೆ ಆ ವೈರಿನ ಸ್ವಭಾವ ಬೇರೆ ವೈರುಗಳ ಥರ ಅಲ್ಲ. ಕಾಯಿಲ್ ಕೆಲಸ ಮಾಡುವುದು ಹೇಗೆ? ಪ್ಲಸ್ ಕಡೆ ಬ್ಯಾಟರಿಯ 12 ವೋಲ್ಟ್ ಸದಾ ಇರುತ್ತದೆ. ಮೈನಸ್ ಕಡೆಯನ್ನು ಡಿಸ್ಟ್ರಿಬ್ಯೂಟರ್ ಗಾಡಿಯ ಬಾಡಿಗೆ ಮುಟ್ಟಿಸುತ್ತದೆ, ಬಿಡಿಸುತ್ತದೆ, ಮುಟ್ಟಿಸುತ್ತದೆ, ಬಿಡಿಸುತ್ತದೆ. ಬಿಡಿಸಿದ ಕ್ಷಣದಲ್ಲೇ ಕಿಡಿ ಹುಟ್ಟುವುದು. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಹೀಗೆ ಆಗುತ್ತದೆ. ಈಗ ಮೀಟರಿಗೆ ಹೋದ ನಿಮ್ಮ ವೈರ್ ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನಲ್ಲಿ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು, ಹಂಪ್ ಹಾರಿದಾಗ ಬಾಡಿಗೆ ತಾಗಿತು ಅಂತಿಟ್ಟುಕೊಳ್ಳಿ. ಕಾಯಿಲ್‌ನ ಮೈನಸ್ ಬಾಡಿಗೆ ಮುಟ್ಟಿಯೇ ಉಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಎಷ್ಟು ಬಿಡಿಸಿದರೂ ಬಿಡುವುದಿಲ್ಲ. ಕಿಡಿ ಇಲ್ಲ, ಇಂಜಿನ್ ಬಂದ್. ಗಾಡಿ ನಿಂತು ವೈರ್ ಜಾಗಕ್ಕೆ ಬಂದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ನೀವು ಬರೆದಿರುವುದು ಇದನ್ನೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಫಿಟ್ಟರುಗಳೂ ಗಮನಿಸುವುದಿಲ್ಲ. ಈ ಶಾರ್ಟ್‌ಗೆ ಫ್ಯೂಸ್ ಹೋಗುವುದೇ ಇಲ್ಲ. ಮೀಟರಿಗೆ ಪವರ್ ಕೊಡುವ ಕೆಂಪು ವೈರಿಗೆ ಫ್ಯೂಸ್ ಹಾಕಿದ್ದೇವಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಫ್ಯೂಸ್ ಇರುವುದು ಕೆಂಪು ವೈರಿಗೆ, ಸಿಗ್ನಲ್ ವೈರಿಗೆ ಅಲ್ಲ. ಇಗ್ನಿಷನ್ ಫ್ಯೂಸ್ ಇದ್ದರೂ ಪ್ರಯೋಜನ ಕಡಿಮೆ, ಯಾಕೆಂದರೆ ಕರೆಂಟು ಕಾಯಿಲ್ ಮೂಲಕವೇ ಬರಬೇಕು. ಕಾಯಿಲ್‌ನ ಪ್ರೈಮರಿ (12 ವೋಲ್ಟ್ ಕಡೆಯ ಸುರುಳಿ) 3 ಓಮ್ ಆಸುಪಾಸು ಇದ್ದರೆ 12 ವೋಲ್ಟಿಗೆ 4 ಆಂಪಿಯರ್ ಅಷ್ಟೇ. ಫ್ಯೂಸಿಗೆ ಅದು ಏನೂ ಅಲ್ಲ. ಆದರೆ ಆ 4 ಆಂಪಿಯರ್ ಬಿಡುವಿಲ್ಲದೆ ಹರಿದರೆ ಕಾಯಿಲ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಕೀ ಆನ್ ಇಟ್ಟೇ ಹತ್ತಾರು ನಿಮಿಷ ತಳ್ಳಾಡಿದರೆ ನಿಜವಾಗಿಯೂ ಸುಡುತ್ತದೆ. ಕಾಯಿಲ್ ಸುಡುತ್ತೆ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಸುಟ್ಟಿದ್ದು ಮೀಟರಿಂದಲ್ಲ, ವೈರ್ ಎಳೆದ ರೀತಿಯಿಂದ.

ಹಾಗಾಗಿ ಆ ವೈರನ್ನು ಮ್ಯೂಸಿಕ್ ಸಿಸ್ಟಮ್ ವೈರಿನ ಥರ ಎಳೆಯಬಾರದು, ಅದು ನಿಮ್ಮ ಇಗ್ನಿಷನ್ನಿನ ಒಂದು ಭಾಗ ಅಂತಲೇ ನೋಡಬೇಕು. ನಮ್ಮಲ್ಲಿ ಹೇಗೆ ಮಾಡುತ್ತೇವೆ ಹೇಳುತ್ತೇನೆ. ಮೊದಲು ಬ್ಯಾಟರಿ ಮೈನಸ್ ಬಿಚ್ಚುವುದು. ಕಾಯಿಲ್ ಮೈನಸ್‌ಗೆ ಸರಿಯಾದ ಲಗ್ ಒತ್ತಿ ಕೂರಿಸುವುದು. ಇರುವ ವೈರಿನ ಸಿಪ್ಪೆ ಬ್ಲೇಡಿನಿಂದ ಕೆರೆದು ಸುತ್ತಿ ಟೇಪ್ ಹಾಕುವುದು ಬೇಡವೇ ಬೇಡ, ನಮ್ಮ ಬೇಸಿಗೆಗೆ ಬಾನೆಟ್ ಒಳಗಿನ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಕಾಯಿಲ್ ತುದಿಯಲ್ಲೇ, ಲಗ್‌ನಿಂದ ಎರಡು ಮೂರು ಇಂಚಿನೊಳಗೆ, ಆ ವೈರಿಗೆ ಸಾಲಾಗಿ ಒಂದು ರೆಸಿಸ್ಟರ್. 10 ಕಿಲೋ ಓಮ್, 1 ವ್ಯಾಟ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಎಳೆದು, ಅಲುಗಾಡದಂತೆ ಕಟ್ಟುವುದು. ಇದರ ಲಾಭ ಏನೆಂದರೆ, ನಾಳೆ ಆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೂ ರೆಸಿಸ್ಟರ್ ಮೂಲಕ ಹೋಗುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟು. ಮೀಟರ್ ಸೊನ್ನೆಗೆ ಬೀಳುತ್ತದೆ, ಇಂಜಿನ್ ಓಡುತ್ತಲೇ ಇರುತ್ತದೆ. ಕೆಲವು ಮೀಟರುಗಳು ರೆಸಿಸ್ಟರ್ ಇದ್ದರೆ ಸಿಗ್ನಲ್ ಹಿಡಿಯುವುದಿಲ್ಲ. ಆಗ 4.7 ಕಿಲೋ ಓಮ್ ಹಾಕಿ ನೋಡಬಹುದು. ಅದಕ್ಕೂ ಹಿಡಿಯದಿದ್ದರೆ ನಾನಾದರೆ ಮೀಟರ್ ಬದಲಿಸುತ್ತೇನೆ, ರೆಸಿಸ್ಟರ್ ತೆಗೆಯುವುದಿಲ್ಲ.

ವೈರ್ ಒಳಗೆ ತರುವಾಗ ಹೊಸ ತೂತು ಕೊರೆಯಬೇಡಿ. ಮೂಲ ವೈರಿಂಗ್ ಹಾದುಬರುವ ರಬ್ಬರ್ ಗ್ರೋಮೆಟ್ ಇರುತ್ತದೆ, ಅದರಲ್ಲೇ ತೂರಿಸಿ. ಕೊರೆಯಲೇಬೇಕಾದರೆ ಅಂಚು ಅರದಿಂದ ಉಜ್ಜಿ ಗ್ರೋಮೆಟ್ ಹಾಕಿ. ಬಾನೆಟ್ ಒಳಗಿನ ಉದ್ದಕ್ಕೂ ಸ್ಲೀವ್ ಇರಲಿ, ಸೈಲೆನ್ಸರ್ ಮ್ಯಾನಿಫೋಲ್ಡಿನ ಹತ್ತಿರ ಸುಳಿಯದಿರಲಿ. ಕೆಂಪು ವೈರ್ ಕೀ ಆನ್ ಮಾಡಿದಾಗ ಮಾತ್ರ ಬರುವ ಲೈನಿಗೆ, 1 ಅಥವಾ 2 ಆಂಪಿಯರ್ ಫ್ಯೂಸ್ ಮೂಲಕ. ಬ್ಯಾಟರಿಗೆ ನೇರ ಕೊಟ್ಟರೆ ನಾಲ್ಕು ದಿನ ನಿಂತ ಗಾಡಿ ಸೆಲ್ಫ್ ಎತ್ತುವುದಿಲ್ಲ. ಲೈಟಿನ ವೈರ್ ಪಾರ್ಕಿಂಗ್ ಲೈಟ್ ಲೈನಿಗೆ. ಬಣ್ಣ ನೋಡಿ ವೈರ್ ಜೋಡಿಸಬೇಡಿ. ಸಾಮಾನ್ಯವಾಗಿ ಹಸಿರು ಸಿಗ್ನಲ್, ಬಿಳಿ ಲೈಟ್ ಅಂತ ಇರುತ್ತದೆ, ಆದರೆ ಅಗ್ಗದ ಮೀಟರುಗಳಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಡಬ್ಬಿಯಲ್ಲಿ ಬಂದ ಚೀಟಿಯೇ ಪ್ರಮಾಣ.

ನಿಮ್ಮ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಎಲ್‌ಪಿಜಿ ಕಿಟ್ಟಿನವರು ಮೊದಲೇ ಅದೇ ಕಾಯಿಲ್ ಮೈನಸ್‌ನಿಂದ ಒಂದು ವೈರ್ ತೆಗೆದಿರುತ್ತಾರೆ. ಕಿಡಿ ನಿಂತರೆ ಗ್ಯಾಸ್ ವಾಲ್ವ್ ತಾನೇ ಮುಚ್ಚಿಕೊಳ್ಳಲಿ ಅಂತ ಇರುವ ಸುರಕ್ಷತೆ ಅದು. ನಿಮ್ಮ ಫಿಟ್ಟರ್ ಡ್ಯಾಶ್ ಕೆಳಗಿನ ಗ್ಯಾಸ್ ಸ್ವಿಚ್ ಹತ್ತಿರವೇ ಆ ವೈರನ್ನು ಸೀಳಿ ಮೀಟರಿಗೆ ಕೊಟ್ಟಿರುವ ಸಾಧ್ಯತೆ ಇದೆ, ಬಾನೆಟ್ ತೆಗೆಯದೆ ಕೆಲಸ ಮುಗಿಯುತ್ತಲ್ಲ. ಹಾಗೆ ಮಾಡಿದ್ದರೆ ಬಿಡಿಸಿ. ಗ್ಯಾಸ್ ಕಿಟ್ಟಿನ ವೈರ್ ಗ್ಯಾಸ್ ಕಿಟ್ಟಿಗೆ ಮಾತ್ರ, ಮೀಟರಿನದು ಪ್ರತ್ಯೇಕ. ನಾನು ಮೊದಲು ಹೇಳಿದ ಹಾಗೆ ಕಾಯಿಲ್ ಹತ್ತಿರ ಬಿಚ್ಚುವಾಗಲೂ ಯಾವುದು ಯಾರದು ಅಂತ ನೋಡಿಯೇ ಬಿಚ್ಚಿ. ತಪ್ಪಿ ಗ್ಯಾಸಿನದು ಬಿಚ್ಚಿದರೆ ಪೆಟ್ರೋಲಲ್ಲಿ ಓಡುತ್ತದೆ, ಗ್ಯಾಸಿಗೆ ಹಾಕಿದ ಕೂಡಲೇ ನಿಲ್ಲುತ್ತದೆ.

ಪ್ಲಗ್ ವೈರಿಗೆ ಸುತ್ತುವ ಸಲಹೆ ಬಗ್ಗೆ: ಬೇಡ. ಸುತ್ತಿಕೊಂಡೇ ಕೆಲಸ ಮಾಡುವ ಪುಟ್ಟ ಡಿಜಿಟಲ್ ಮೀಟರುಗಳು ಇವೆ, ಜನರೇಟರ್, ಪೆಟ್ರೋಲ್ ಪಂಪ್‌ಸೆಟ್ ಅಂಥವಕ್ಕೆ. ಅವನ್ನು ಅದಕ್ಕಾಗಿಯೇ ಮಾಡಿರುತ್ತಾರೆ. ನಿಮ್ಮ 12 ವೋಲ್ಟಿನ ಮುಳ್ಳಿನ ಮೀಟರನ್ನು ಹಾಗೆ ಮಾಡಿಲ್ಲ. ಪ್ಲಗ್ ವೈರಿನಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಹಳೇ ವೈರಿನ ಸಿಪ್ಪೆಯಲ್ಲಿ ಕೂದಲೆಳೆ ಬಿರುಕಿದ್ದರೂ ಸಾಕು, ಅದು ನಿಮ್ಮ ಸುತ್ತಿನ ಮೂಲಕ ಮೀಟರಿನೊಳಗೆ ಬಂದು ಕೂರುತ್ತದೆ. ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಹೀಗೆ ಕಿಡಿ ಹಾರಿಸುವ ಜುಗಾಡ್ ಯಾರೇ ಹೇಳಿದರೂ ಕೇಳಬೇಡಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಇದೆಲ್ಲ ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಕಾಲದ ಗಾಡಿಗೆ. ಪ್ಲಗ್ಗಿಗೊಂದು ಕಾಯಿಲ್ ಇರುವ ಹೊಸ ಗಾಡಿಯಲ್ಲಿ ಒಂದು ಕಾಯಿಲ್‌ಗೆ ಎರಡು ಸುತ್ತಿಗೆ ಒಂದೇ ಕಿಡಿ, ಲೆಕ್ಕವೇ ಬೇರೆ, ಮೇಲೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕೆಡಿಸುವ ಭಯ. ಅಂಥವರು ಕತ್ತರಿ ಮುಟ್ಟಲೇಬೇಡಿ. 2013ರ ಏಪ್ರಿಲ್ ನಂತರ ತಯಾರಾದ ಬಿಎಸ್-4 ಕಾರಾದರೆ ಒಬಿಡಿ-2 ಸಾಕೆಟ್ (ಇಂಜಿನ್ನಿನ ಮಾಹಿತಿ ಓದುವ ಸಾಕೆಟ್) ಇರುತ್ತದೆ, ಅದಕ್ಕೆ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಆರ್‌ಪಿಎಂ ಫೋನಿನಲ್ಲೇ ಕಾಣುತ್ತದೆ. ಡೀಸೆಲ್ ಗಾಡಿಗೆ ಕಿಡಿಯೇ ಇಲ್ಲ, ಅಲ್ಲಿ ಆಲ್ಟರ್ನೇಟರಿನ ‘ಡಬ್ಲ್ಯು’ ಟರ್ಮಿನಲ್ಲಿನಿಂದ ಸಿಗ್ನಲ್ ತಗೊಂಡು ಪುಲ್ಲಿ ಅಳತೆಗೆ ತಕ್ಕಂತೆ ಮೀಟರ್ ಹೊಂದಿಸಬೇಕು.

ಡ್ಯಾಶ್ ಕೊರೆಯುವುದು. ನಿಮ್ಮ ಆಸೆ ಅರ್ಥವಾಗುತ್ತದೆ, ಒಳಗೆ ಕೂತ ಮೀಟರಿನ ಅಂದವೇ ಬೇರೆ. ಆದರೆ ಸುಮಾರು ಮೂವತ್ತು ವರ್ಷ ನಮ್ಮ ಬಿಸಿಲು ತಿಂದ ಪ್ಲಾಸ್ಟಿಕ್ ಅದು, ಹಪ್ಪಳದ ಹಾಗೆ ಒಡೆಯುತ್ತದೆ. ಒಡೆದರೆ ಆ ಡ್ಯಾಶ್ ಗುಜರಿಯಲ್ಲಿ ಹುಡುಕಬೇಕು. 52 ಮಿಲಿಮೀಟರಿನ ಸಣ್ಣ ಮೀಟರ್ ಆದರೆ ಸೆಂಟರ್ ಕನ್ಸೋಲಿನಲ್ಲಿ ಖಾಲಿ ಇರುವ ಜಾಗಕ್ಕೆ ಬೇರೆ ಪ್ಲೇಟ್ ಮಾಡಿ ಕೂರಿಸಬಹುದು, ಮೂಲ ಡ್ಯಾಶಿಗೆ ಗೀರೂ ಬೀಳುವುದಿಲ್ಲ. ಶಿಫ್ಟ್ ಲೈಟ್ ಇರುವವು ಸಾಮಾನ್ಯವಾಗಿ ದೊಡ್ಡವು, 95 ಮಿಲಿಮೀಟರ್ ಅಥವಾ 127. ಅದಕ್ಕೆ ಸ್ಟಿಯರಿಂಗ್ ಕಾಲಮ್ಮಿನ ಮೇಲೆ ಲೋಹದ ಪಟ್ಟಿಯ ಕ್ಲಾಂಪ್ ವಾಸಿ. ಕೊರೆಯಲೇಬೇಕು ಅಂದರೆ ಡ್ಯಾಶ್ ಹೊರಗೆ ಬಿಚ್ಚಿ, ಹಿಂಭಾಗಕ್ಕೆ ಮರದ ತುಂಡು ಒತ್ತಿ ಹಿಡಿದು, ಹೋಲ್ ಸಾ ನಿಧಾನಕ್ಕೆ ತಿರುಗಿಸಬೇಕು. ಗಾಡಿಯೊಳಗೇ ನಿಂತು ಡ್ರಿಲ್ ಒತ್ತುವವರ ಕೈಗೆ ಕೊಡಬೇಡಿ, ಹಿಂದೆ ವೈರಿಂಗ್ ಗೊಂಚಲೇ ಇದೆ. ಈಗಿರುವ ಪಿಲ್ಲರ್ ಜಾಗ ನನಗೆ ಇಷ್ಟವಿಲ್ಲ. ಬಲ ತಿರುವಿನಲ್ಲಿ ಸರಿಯಾಗಿ ಬೈಕ್ ಬರುವ ಕಡೆಗೇ ಅಡ್ಡ ನಿಲ್ಲುತ್ತದೆ. ಅಂಟು ಟೇಪಿನಲ್ಲಿ ನಿಲ್ಲಿಸಿದ್ದರಂತೂ ಏಪ್ರಿಲ್ ತಿಂಗಳ ಮಧ್ಯಾಹ್ನ ನಿಮ್ಮ ತೊಡೆ ಮೇಲೆ ಬೀಳುತ್ತದೆ.

ಆರ್‌ಟಿಒ ವಿಷಯಕ್ಕೆ ಹೆದರಬೇಡಿ. ಆರ್‌ಸಿಯಲ್ಲಿ ಬರೆದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅನ್ನುವುದು ಕಾನೂನು, ಒಂದು ಮೀಟರ್ ಸೇರಿಸಿದರೆ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಸ್ಪೀಡೋಮೀಟರ್ ತೆಗೆದು ಆ ಜಾಗಕ್ಕೆ ಇದನ್ನು ಹಾಕುವುದು ಮಾತ್ರ ಬೇಡ, ಅದು ಕಡ್ಡಾಯವಾಗಿ ಇರಬೇಕು. ಗ್ಯಾಸ್ ಕಿಟ್ ಆರ್‌ಸಿಯಲ್ಲಿ ನಮೂದಾಗಿದೆಯಾ ನೋಡಿ, ರಿನ್ಯೂವಲ್ಲಿಗೆ ಹೋದಾಗ ಕೇಳುವುದು ಅದನ್ನು.

ಎಲ್ಲ ಸರಿಮಾಡಿದ ಮೇಲೆ ಮೀಟರ್ ನಿಜ ಹೇಳುತ್ತಿದೆಯಾ ಅಂತ ನೋಡಬೇಕಲ್ಲ. ಟೈಮಿಂಗ್ ಲೈಟ್ ಇಲ್ಲದಿದ್ದರೂ ನಡೆಯುತ್ತದೆ. ಕ್ರ್ಯಾಂಕ್ ಪುಲ್ಲಿ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಒಂದು ಗೆರೆ ಎಳೆಯಿರಿ. ರಾತ್ರಿ, ಹಳೇ ಚೋಕ್ ಇರುವ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಾತ್ರ ಇಂಜಿನ್ ಓಡಿಸಿ. ಎಲ್‌ಇಡಿ, ಎಲೆಕ್ಟ್ರಾನಿಕ್ ಚೋಕ್ ನಡೆಯುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಆ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಧಾನವಾಗಿ ರೇಸ್ ಏರಿಸುತ್ತಾ ಹೋಗಿ. ಸರಿಯಾಗಿ 1500ರಲ್ಲಿ ಪುಲ್ಲಿ ಮೇಲೆ ನಾಲ್ಕು ಗೆರೆ ನಿಂತ ಹಾಗೆ ಕಾಣುತ್ತವೆ. 3000ದಲ್ಲಿ ಎದುರುಬದುರು ಎರಡೇ ಗೆರೆ. ಆಗ ಮೀಟರ್ ಎಷ್ಟು ತೋರಿಸುತ್ತಿದೆ ನೋಡಿಕೊಳ್ಳಿ. ಶಕ್ತಿನಗರದ ಆರ್‌ಟಿಪಿಎಸ್ (ರಾಯಚೂರು ಥರ್ಮಲ್ ವಿದ್ಯುತ್ ಕೇಂದ್ರ) ಆಗಲಿ ನಮ್ಮ ಕುಡಿತಿನಿಯ ಬಿಟಿಪಿಎಸ್ (ಬಳ್ಳಾರಿ ಥರ್ಮಲ್ ವಿದ್ಯುತ್ ಕೇಂದ್ರ) ಆಗಲಿ, ಅಲ್ಲಿನ ಟರ್ಬೈನುಗಳು ತಿರುಗುವುದೂ ನಿಮಿಷಕ್ಕೆ 3000 ಸುತ್ತಿನಲ್ಲೇ, ಹಾಗಾಗಿ ನೀವು ನಿಮ್ಮ ಜೆನ್ ಇಂಜಿನನ್ನು ಪವರ್ ಸ್ಟೇಷನ್ನಿನ ಜೊತೆ ತಾಳೆ ನೋಡಿದಂತೆ, ಅದಕ್ಕಿಂತ ನಂಬಿಕೆಯ ಅಳತೆ ಗ್ಯಾರೇಜಿನಲ್ಲಿ ಸಿಗುವುದು ಕಷ್ಟ. ಜನರೇಟರ್ ಕರೆಂಟಿನಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಬೇರೆಯವರನ್ನು ಆಕ್ಸಿಲರೇಟರ್ ಮೇಲೆ ಕೂರಿಸಿ. ಗೆರೆ ನಿಂತ ಹಾಗೆ ಕಂಡರೂ ಪುಲ್ಲಿ ತಿರುಗುತ್ತಲೇ ಇರುತ್ತದೆ, ಕೈ, ಟವೆಲ್ಲು, ಲುಂಗಿ ಯಾವುದೂ ಬೆಲ್ಟ್ ಹತ್ತಿರ ಹೋಗದಿರಲಿ. 100, 150 ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅಗ್ಗದ ಮೀಟರಿನಲ್ಲಿ ಅದು ಮಾಮೂಲು.

ಮೀಟರಿನ ಮುಖದ ಮೇಲಿನ ಕೆಂಪು ಪಟ್ಟಿ ನಿಮ್ಮ ಇಂಜಿನ್ನಿನ ಮಿತಿ ಅಲ್ಲ, ಅದು ಬರೀ ಬಣ್ಣ. ಅದನ್ನು ಮಾಡಿದವನಿಗೆ ನೀವು ಯಾವ ಗಾಡಿಗೆ ಹಾಕುತ್ತೀರಿ ಅಂತ ಗೊತ್ತಿರಲಿಲ್ಲ. ಶಿಫ್ಟ್ ಲೈಟ್ ಸೆಟ್ ಮಾಡುವಾಗ ಗಾಡಿಯ ಓನರ್ಸ್ ಮ್ಯಾನುಯಲ್ಲಿನಲ್ಲಿರುವ ಮಿತಿ ನೋಡಿ. ಹಳೇ ಇಂಜಿನ್, ಅದರಲ್ಲೂ ಗ್ಯಾಸಿನ ಮೇಲೆ ಓಡಿದ್ದು, ಅದಕ್ಕಿಂತ ಸಾಕಷ್ಟು ಕೆಳಗೇ ಇಡಿ.

ಸಿಗ್ನಲ್ ವೈರ್ ಬಿಚ್ಚಿಟ್ಟು ಒಂದು ವಾರ ಅದೇ ಕಂಪ್ಲಿ ರಸ್ತೆಯಲ್ಲಿ ಓಡಿಸಿ. ಇಂಜಿನ್ ಬಂದ್ ಆಗದಿದ್ದರೆ ನಾನು ಹೇಳಿದ್ದೇ ಕಾರಣ, ಹೊಸ ವೈರ್ ಎಳೆಸಿ. ಆಮೇಲೂ ಬಂದ್ ಆದರೆ ಮೀಟರಿನ ತಪ್ಪಲ್ಲ. ಗ್ಯಾಸಿನಲ್ಲಿ ಮಾತ್ರ ಹಾಗಾದರೆ ಗ್ಯಾಸ್ ಸೊಲೆನಾಯ್ಡ್ ವಾಲ್ವಿನ ವೈರುಗಳನ್ನು ನೋಡಿಸಿ. ಎರಡರಲ್ಲೂ ಆದರೆ ಕಾಯಿಲ್ ಪ್ಲಸ್ ಟರ್ಮಿನಲ್ ಮತ್ತು ಇಗ್ನಿಷನ್ ಸ್ವಿಚ್. ಕೀಗೆ ದೊಡ್ಡ ಗೊಂಚಲು ನೇತಾಡಿಸಿದ್ದೀರಾ? ಹಳೇ ಸ್ವಿಚ್‌ನಲ್ಲಿ ಹಂಪ್ ಮೇಲೆ ಆ ಭಾರಕ್ಕೇ ಕಾಂಟ್ಯಾಕ್ಟ್ ತಪ್ಪುವುದುಂಟು, ಗೊಂಚಲು ತೆಗೆದು ಬರೀ ಕೀ ಹಾಕಿ ಒಮ್ಮೆ ಓಡಿಸಿ ನೋಡಿ.